ಪ್ರಕೃತಿಯ ಸದ್ದುಗಳ ಪಟ್ಟಿಗೊಂದು ಸೇರ್ಪಡೆ

ಐದು ವರ್ಷದೊಳಗಿನ ನಾಗರಿಕರಲ್ಲಿ ಪರಿಸರ ಪ್ರಜ್ಞೆ ಆತಂಕಕಾರಿಯಾಗಿ ಕುಸಿದಿರುವುದನ್ನು ಮನಗಂಡ ಇಲಾಖೆಯು ನಮ್ಮ ಶಿಶುವಿಹಾರದಲ್ಲಿ ಜಾಗೃತಿ ಸಪ್ತಾಹವನ್ನು ಹಮ್ಮಿಕೊಂಡಿತು.

ನಮ್ಮ ಟೀಚರ್ ಹೊಸಬರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆದಕಾರಣ ಮನಸ್ಸಿಟ್ಟು ಪಾಠ ಮಾಡಿದರು. "ಜೋರು ಸದ್ದೂ ಮಾಲಿನ್ಯವೇ ಮಕ್ಕಳೇ, ಕೇಳಿಸಿದ ಕೂಡಲೇ ನಿಲ್ಲಿಸಬೇಕು" ಎಂದರು. ಎಡವಟ್ಟಾದದ್ದು ಇಲ್ಲೇ: ಮಕ್ಕಳು ಕಲಿತುಬಿಟ್ಟರು.

ಉದ್ಘಾಟನೆಗೆ ಬಂದ ಮಾನ್ಯ ಅಧಿಕಾರಿಗಳು, ಬೀರುವಿನಷ್ಟೆತ್ತರದ ಧ್ವನಿವರ್ಧಕಗಳ ನಡುವೆ ನಿಂತು ಮೌನದ ಮಹತ್ವವನ್ನು ಕುರಿತು ಮಾತನಾಡತೊಡಗಿದರು. ಕಿಟಕಿ ಗಾಜುಗಳು ಗಡಗಡ ನಡುಗಿದವು. ಚೂಟಿ ಎಂದು ಎಲ್ಲರೂ ಕರೆಯುವ ನಾಲ್ಕು ವರ್ಷದ ಹುಡುಗಿ ಎದ್ದು ಹೋಗಿ, ಎರಡೂ ಕೈಯಲ್ಲಿ ಹಿಡಿದು ಪ್ಲಗ್ ಕಿತ್ತಳು.

"ಯಾಕಮ್ಮಾ ಕಿತ್ತೆ?" ಅಧಿಕಾರಿಗಳು ಬಗ್ಗಿ ಕೇಳಿದರು.

"ನೀವು ಮಾಲಿನ್ಯ ಅಂಕಲ್."

ಪೋಷಕರ ಸಾಲಿನಲ್ಲಿದ್ದ ಚೂಟಿಯ ತಾಯಿ ಎದ್ದು ನಿಂತರು. "ಮನೇಲಿ ಹೀಗೆಲ್ಲಾ ಮಾಡಲ್ಲ ಸರ್. ಮಿಕ್ಸಿ, ಟೀವಿ, ಅವರಜ್ಜನ ಗೊರಕೆ, ಅಷ್ಟನ್ನೇ ನಿಲ್ಲಿಸ್ತಾಳೆ."

ಅಧಿಕಾರಿಗಳು ಟೀಚರ್ ಕಡೆ ತಿರುಗಿದರು. "ಇದನ್ನೆಲ್ಲಾ ಕಲಿಸಿದ್ದು ಯಾರು?"

"ನಾನೇ ಸರ್. ಕಲಿಸಿ ಅಂತ ನೀವೇ ಹೇಳಿದ್ರಿ."

"ಕಲಿಸಿ ಅಂದಿದ್ದೆ. ಅವರು ಕಲೀಲಿ ಅಂದಿದ್ನಾ?"

ಕೂಡಲೇ ತುರ್ತು ಸಭೆ ಸೇರಿತು. ಮಕ್ಕಳ ಕುರ್ಚಿಗಳೇ ಇದ್ದುದರಿಂದ ಎಲ್ಲರೂ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಗಂಭೀರವಾಗಿ ಕುಳಿತರು. ಭಾಷಣ ಮಾಲಿನ್ಯವಾದರೆ ಅಧಿಕಾರಿಗಳಿಗೆ ಅವಮಾನ. ಅಲ್ಲವಾದರೆ ಟೀಚರ್ ತಪ್ಪು ಪಾಠ ಹೇಳಿದಂತಾಗಿ ಮನೆಗೆ ಹೋಗಬೇಕು. ಟೀಚರ್ ಪುಟ್ಟ ಕುರ್ಚಿಯಿಂದ ಅರ್ಧ ಎದ್ದರು.

"ಸರ್, ಗುಡುಗು, ಕಪ್ಪೆ, ಕಾಗೆ, ಇವುಗಳ ಸದ್ದು ಮಾಲಿನ್ಯ ಅಲ್ಲ. ಅದು ಪ್ರಕೃತಿ. ತಾನಾಗೇ ಬರುತ್ತೆ, ಯಾರೂ ತಡೆಯೋಕಾಗಲ್ಲ."

ಅಧಿಕಾರಿಗಳ ಮುಖ ಅರಳಿತು. "ನನ್ನದೂ ಹಾಗೇ ಅಲ್ವೇನಮ್ಮಾ!"

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: "ಅಧಿಕಾರಿಗಳ ಭಾಷಣವನ್ನು ಇನ್ನು ಮುಂದೆ ಪ್ರಕೃತಿಯ ಸದ್ದು ಎಂದೇ ಪರಿಗಣಿಸತಕ್ಕದ್ದು. ಸದರಿ ಸದ್ದನ್ನು ಸಂರಕ್ಷಿಸುವುದು ಪ್ರತಿಯೊಂದು ಮಗುವಿನ ಕರ್ತವ್ಯವಾಗಿರತಕ್ಕದ್ದು." ಟೀಚರ್ ಕೆಲಸ ಕಾಯಂ ಆಯಿತು.

ಈಗ ಬೆಳಗಿನ ವಿಜ್ಞಾನ ಪಾಠ ಸುಸೂತ್ರವಾಗಿ ನಡೆಯುತ್ತಿದೆ.

"ಕಾಗೆ ಹೇಗೆ ಕೂಗುತ್ತೆ?"

"ಕಾ ಕಾ!"

"ಕಪ್ಪೆ?"

"ವಟ ವಟ!"

"ಅಧಿಕಾರಿ?"

"ಈ ಶುಭ ಸಂದರ್ಭದಲ್ಲಿ!"

ಮೊನ್ನೆ ತಪಾಸಣೆಗೆ ಬಂದ ಅಧಿಕಾರಿಗಳು ಕಣ್ಣುಮುಚ್ಚಿ ಕೇಳಿ ತಲೆದೂಗಿದರು. ಒಂದೇ ಒಂದು ತಿದ್ದುಪಡಿ ಸೂಚಿಸಿದರು. "'ಶುಭ' ಅನ್ನೋದನ್ನ ಸ್ವಲ್ಪ ಎಳೀಬೇಕು ಮಕ್ಕಳೇ. ಕಾಡಲ್ಲಿ ಹಾಗೇ ಕೇಳ್ಸೋದು."