ಅಂಗಿಗಣಕ ಮತ್ತು ಅರವತ್ಮೂರನೆಯ ಮುಖ

ಬೀದರದ ಮೈಲೂರಿನ ಕಿರಾಣಿ ಅಂಗಡಿಯ ಮುಂದೆ, ಬೆಳಗಿನ ಎಂಟು ಗಂಟೆಗೆ, ಹತ್ತು ಜನ ನೋಡುತ್ತಿರುವಾಗ, ಪಾಂಡುರಂಗರಾಯರು ಒಂದು ವಿದ್ಯುತ್ ಕಂಬಕ್ಕೆ ಕೈ ಮುಗಿದು, "ಯಾವಾಗ ಬಂದ್ರಿ ಮಾಮಾ? ಮನಿಗೆ ಬರಲಾರ್ದೆ ಇಲ್ಲೇ ನಿಂತೀರಲ್ಲ?" ಎಂದು ಕೇಳಿದರು.

ಕಂಬ ಉತ್ತರಿಸಲಿಲ್ಲ. ಕಂಬಕ್ಕೆ ಕಟ್ಟಿದ್ದ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮೀಸೆಯಡಿ ನಗುತ್ತಿದ್ದ ಯಾವುದೋ ಗಲ್ಲಿ ಮುಖಂಡನೂ ಉತ್ತರಿಸಲಿಲ್ಲ. ಹಾಲಿನ ಪಾಕೀಟು ಹಿಡಿದು ನಿಂತಿದ್ದ ನೆರೆಮನೆಯ ಖತೀಜಾ ಬೇಗಂ ಮಾತ್ರ, "ಸರ್, ತಬಿಯತ್ ಬರೋಬರ್ ಅದ ಅಲ್ರಿ?" ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಎರಡು ಹೆಜ್ಜೆ ಹಿಂದೆ ಸರಿದರು.

ತಪ್ಪು ಪಾಂಡುರಂಗರಾಯರದಲ್ಲ, ಅವರ ಅಂಗಿಯೊಳಗಿದ್ದ ಯಂತ್ರದ್ದು. ಎದೆಗೆ ಒಂದು ಹಳೆಯ ಮೊಬೈಲು ಬಿಗಿದಿತ್ತು. ಅದರ ಕ್ಯಾಮೆರಾ ಮೂರನೆಯ ಗುಂಡಿಯ ಪಕ್ಕದ ತೂತಿನಿಂದ ಹೊರಗೆ ಇಣುಕುತ್ತಿತ್ತು. ಸೊಂಟಕ್ಕೆ ಪವರ್ ಬ್ಯಾಂಕು, ಎಡಗಿವಿಗೆ ವೈರು. ಎದುರು ಬಂದ ಮುಖದ ಗುರುತು ಹಿಡಿದು ಅದು ಯಾರೆಂದು ಕಿವಿಯಲ್ಲಿ ಉಸುರುವುದು ಯಂತ್ರದ ಕೆಲಸ. ಫ್ಲೆಕ್ಸಿನವನ ಮೀಸೆ ಹೆಂಡತಿಯ ತವರಿನ ಭಾಲ್ಕಿ ಮಾಮಾನ ಮೀಸೆಯಂತೆಯೇ ಇದ್ದುದರಿಂದ ಅದು ಮೊದಲ ದಿನವೇ ಮೋಸ ಹೋಗಿತ್ತು, ಅಷ್ಟೆ. ಪಾಂಡುರಂಗರಾಯರು ಅದಕ್ಕೆ 'ಅಂಗಿಗಣಕ' ಎಂದು ಹೆಸರಿಟ್ಟಿದ್ದರು. ಅದನ್ನು ಜೋಡಿಸಿಕೊಟ್ಟ ಮೊಬೈಲು ರಿಪೇರಿಯ ನದೀಮ 'ಛಾತಿ ಕಂಪ್ಯೂಟರ್', ಅಂದರೆ ಎದೆಯ ಕಂಪ್ಯೂಟರ್, ಎನ್ನುತ್ತಿದ್ದ. ಮೊದಲನೆಯದರಲ್ಲಿ ಗಾಂಭೀರ್ಯವಿತ್ತು, ಎರಡನೆಯದರಲ್ಲಿ ಸತ್ಯವಿತ್ತು.

ಇಷ್ಟೆಲ್ಲ ಯಾಕೆ? ಭಯಕ್ಕೆ. ಪಾಂಡುರಂಗರಾಯರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನೂರಾ ಹದಿನೆಂಟು ಮೂಲವಸ್ತುಗಳನ್ನು ಸಾಲಾಗಿ ಹೇಳಬಲ್ಲರು. ಯಾವ ಪರಮಾಣು ಯಾವುದರ ಕೈ ಹಿಡಿದೀತು ಎಂಬ ಬಂಧವೆಲ್ಲ ಬಲ್ಲ ಅವರಿಗೆ ಹೆಂಡತಿ ಕುಮುದಿನಿಯ ತವರಿನ ಸಂಬಂಧ ಮಾತ್ರ ಇಪ್ಪತ್ತೆಂಟು ವರ್ಷದಿಂದ ತಲೆಗೆ ಹತ್ತಿರಲಿಲ್ಲ. ಮಾಮಾ ಯಾರು, ಕಾಕಾ ಯಾರು, ಮಾವಶಿ ಯಾರು, ಆತ್ಯಾ ಯಾರು, ಯಾರ ಕಾಲು ಮುಟ್ಟಬೇಕು, ಯಾರಿಂದ ಮುಟ್ಟಿಸಿಕೊಳ್ಳಬೇಕು? ಮೂಲವಸ್ತುಗಳೇನೋ ಒಳ್ಳೆಯವು. ಮದುವೆ ಮನೆಯಲ್ಲಿ ಎದುರು ನಿಂತು "ನಾ ಯಾರು ಹೇಳ್ರಿ ನೋಡೂಣು" ಎಂದು ಅವು ಕೇಳುವುದಿಲ್ಲ.

ಕೇಶರಬಾಯಿ ಕೇಳುತ್ತಾರೆ. ಕೇಶರಬಾಯಿ ಎಂದರೆ ಕುಮುದಿನಿಯ ಆತ್ಯಾ, ಸೋದರತ್ತೆ. ತಾಯಿಯಿಲ್ಲದ ಕುಮುದಿನಿಯನ್ನು ಸಾಕಿ, ತಲೆ ಬಾಚಿ, ಶಾಲೆಗೆ ಕಳಿಸಿ, ಕೊನೆಗೆ ಇವರ ಕೈಗೆ ಧಾರೆ ಎರೆದು ಕೊಟ್ಟವರು. ಮೂರು ವರ್ಷದ ಹಿಂದೆ ಭಾಲ್ಕಿಯಲ್ಲಿ, ಅವರ ಮೊಮ್ಮಗನ ಮದುವೆಯಲ್ಲಿ, ಪಾಂಡುರಂಗರಾಯರು ಅವರ ಪಕ್ಕದಲ್ಲೇ ಕೂತು ಎರಡು ಹೋಳಿಗೆ ಮುಗಿಸಿ, ಸೌಜನ್ಯಕ್ಕೆಂದು ಕೇಳಿದ್ದರು: "ಬಾಯಾರ, ನೀವು ಗಂಡಿನ ಕಡಿಯವರೇನ್ರಿ, ಹೆಣ್ಣಿನ ಕಡಿಯವರೇನ್ರಿ?"

ಕೇಶರಬಾಯಿ ಎಲೆಯ ಮುಂದಿನಿಂದ ಎದ್ದು ಹೋದರು. ಅಂದಿನಿಂದ ಮೈಲೂರಿನ ಮನೆಗೆ ಬಂದಿರಲಿಲ್ಲ.

ಈಗ ಔರಾದದಿಂದ ಕರೆ ಬಂದಿತ್ತು. ಕುಮುದಿನಿಯ ತಮ್ಮ ಪರಾಗನ ಮಗಳು ಮಾನಸಿಗೆ ಗಂಡು ಮಗು. ತೊಟ್ಟಿಲ ಕಾರ್ಯ. ಯಾರ ಹೆಸರೂ ನೆನಪಿಲ್ಲದ ಮನುಷ್ಯ ಹೆಸರಿಡುವ ಕಾರ್ಯಕ್ಕೇ ಹೋಗಬೇಕಾಗಿ ಬಂದಿತ್ತು.

"ಆತ್ಯಾ ಬರ್ಲಿಕತ್ತಾರ," ಎಂದರು ಕುಮುದಿನಿ. "ಈ ಸಲ ಅವರ ಗುರುತು ಹಿಡೀಲಿಲ್ಲಂದ್ರ..."

"ಇಲ್ಲಂದ್ರ?"

"ಏನಿಲ್ಲ."

ಕುಮುದಿನಿ 'ಏನಿಲ್ಲ' ಎಂದರೆ ಅದರೊಳಗೆ ಏನೇನಿರುತ್ತದೆ ಎಂಬುದು ಪಾಂಡುರಂಗರಾಯರಿಗೆ ಗೊತ್ತಿತ್ತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಎದೆ ಸೆಟೆಸಿ, "ವಿಜ್ಞಾನ ಇರೂದು ಮತ್ತ್ಯಾಕ?" ಎಂದು ಕನ್ನಡಿಗೆ ಹೇಳಿ, ನದೀಮನ ಅಂಗಡಿಗೆ ನಡೆದರು.

ಯಂತ್ರಕ್ಕೆ ಮುಖಗಳು ಬೇಕು, ಮುಖಗಳ ಜೊತೆ ಮಾಹಿತಿ ಬೇಕು ಎಂದ ನದೀಮ. ಮುಖಗಳಿಗೆ ರಾಯರ ಮದುವೆಯ ಆಲ್ಬಮ್ ಇತ್ತು. ಮಾಹಿತಿಗೆ ಕುಮುದಿನಿ ಇದ್ದರು. ಭಾನುವಾರ ಮಧ್ಯಾಹ್ನ ಕುಮುದಿನಿ ಮೆಂತೆಪಲ್ಲೆ ಬಿಡಿಸುತ್ತ ಕೂತಾಗ, ರಾಯರು ಆಲ್ಬಮ್ ತೆರೆದಿಟ್ಟು, ಮೇಲಿನಿಂದ ಮೊಬೈಲು ಹಿಡಿಯುವ ಸ್ಟ್ಯಾಂಡು ನಿಲ್ಲಿಸಿ, ವಿಡಿಯೋ ಚಾಲೂ ಮಾಡಿ, "ಫೋಟೋ ಮಾಸಲಿಕತ್ತಾವ, ಕಾಪಿ ಮಾಡಿಡ್ತೇನಿ. ಒಂದೊಂದರ ಮ್ಯಾಲ ಬೆರಳಿಟ್ಟು ಯಾರು ಅಂತ ಹೇಳು" ಎಂದರು.

ಕುಮುದಿನಿಯ ಕನ್ನಡಕ ಫ್ರಿಜ್ಜಿನ ಮೇಲಿತ್ತು. ಆದರೂ ಬೆರಳಿಟ್ಟರು, ಹೇಳಿದರು. ತವರಿನ ಬಗ್ಗೆ ಗಂಡ ತಾನಾಗಿ ಕೇಳಿದ್ದು ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ಹಾಗಾಗಿ ಹೆಸರಿಗೆ ನಿಲ್ಲಲಿಲ್ಲ. ಯಾರ ಸ್ವಭಾವ ಹೇಗೆ, ಯಾರು ಯಾರ ಮೇಲೆ ಕರುಬುತ್ತಾರೆ, ಎಲ್ಲ ಬಂತು. ಮೆರವಣಿಗೆಯ ಪುಟ ಬರುವ ಹೊತ್ತಿಗೆ ಹೊರಗೆ ಗ್ಯಾಸ್ ಸಿಲಿಂಡರಿನವ ಕೂಗಿದ. ರಾಯರು ವಿಡಿಯೋ ಹಾಗೇ ಓಡಲು ಬಿಟ್ಟು ಎದ್ದು ಹೋಗಲೇಬೇಕಾಯಿತು. ತಮ್ಮ ಮೆಚ್ಚಿನ ಪುಟ ತಪ್ಪಿತೆಂದು ಅವರಿಗೆ ಬೇಸರವೂ ಆಯಿತು. ಮದುವೆಯಂದು ಅವರು ಹಾಕಿದ್ದು ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ತಲೆಗೆ ತುರಾಯಿಯ ಪೇಟ. ಅಂಥ ಕೋಟು ಆ ವರ್ಷ ಬೀದರ ಜಿಲ್ಲೆಯಲ್ಲಿ ಇನ್ನಾರಿಗೂ ಇರಲಿಲ್ಲವೆಂದು ಅವರ ನಂಬಿಕೆ.

ಕಂಪ್ಯೂಟರಿನ ಕನ್ನಡ ದನಿ ಬೆಂಗಳೂರಿನ ಲಿಫ್ಟಿನಂತೆ ಮಾತಾಡುತ್ತಿತ್ತು. ಅದಕ್ಕೇ ನದೀಮ ಕುಮುದಿನಿಯ ದನಿಯನ್ನೇ ಕತ್ತರಿಸಿ ಒಂದೊಂದು ಮುಖಕ್ಕೆ ಒಂದೊಂದು ತುಂಡು ಅಂಟಿಸಿದ.

"ಅರವತ್ಮೂರು ಮುಖ ಅವ ಸರ್."

"ಅರವತ್ತೆರಡು. ನಾನೇ ಎಣಿಸೀನಿ."

"ಮಷಿನ್ ಅರವತ್ಮೂರು ಅಂತದ. ಇರ್ಲಿ ಬಿಡ್ರಿ, ಒಬ್ಬ ಸಂಬಂಧಿಕ ಜಾಸ್ತಿ ಆದ್ರ ಏನ್ ಲುಕ್ಸಾನ?" ಎಂದು ನದೀಮ ಇಯರ್‌ಫೋನಿನ ಪಿನ್ನನ್ನು ಮೊಬೈಲಿಗೆ ಚುಚ್ಚಿ ಅಲ್ಲಾಡಿಸಿ ನೋಡಿದ. ಅವನ ಮುಖ ಸಪ್ಪಗಾಯಿತು. "ತೂತು ಸವದದ ಸರ್. ಪಿನ್ ಕಳಚಿದ್ರ ಒಳಗಿನ ಮಾತೆಲ್ಲ ಸ್ಪೀಕರ್‌ದಾಗ ಹೊರಗ ಬರ್ತದ. ಏನ್ ಬೇಕಾದ್ರೂ ಮಾಡ್ರಿ, ಬಗ್ಗಬ್ಯಾಡ್ರಿ."

ಹೆಂಡತಿಯ ತವರಿಗೆ, ಅರವತ್ತೆರಡು ಜೊತೆ ಪಾದಗಳ ಊರಿಗೆ, ಹೊರಟ ಅಳಿಯನಿಗೆ ಹೇಳಿದ ಮಾತಿದು.

ಜನವರಿಯ ಚಳಿ ಇದ್ದುದು ಪುಣ್ಯ. ರಾಯರು ಕಿವಿಯ ವೈರು ಕಾಣದಂತೆ ತಲೆಗೆ ಮಫ್ಲರ್ ಸುತ್ತಿಕೊಂಡು ಔರಾದದ ಬಸ್ಸು ಹತ್ತಿದರು. ಸಂತಪೂರ ದಾಟುವ ಹೊತ್ತಿಗೆ ಎದೆ ಬಿಸಿಯಾಯಿತು. ಮೊದಲು ಭಯವೆಂದುಕೊಂಡರು. ಆಮೇಲೆ ಬ್ಯಾಟರಿಯೆಂದು ತಿಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಎರಡೂ ಎಂದು ಖಾತ್ರಿಯಾಯಿತು.

"ಎದಿ ಯಾಕ ಹಿಡಕೊಂಡೀರಿ?" ಎಂದರು ಕುಮುದಿನಿ.

"ನಿನ್ನ ತವರಿಗೆ ಹೊಂಟೀವಲ್ಲ, ಎದಿ ತುಂಬಿ ಬಂತು."

"ಸೊಂಟದಾಗೇನದು ಉಬ್ಬಿದ್ದು?"

"ಬೆನ್ನ ಬ್ಯಾನಿ ಬೆಲ್ಟು."

ಕುಮುದಿನಿ ಗಂಡನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಕಿಟಕಿಯ ಕಡೆ ತಿರುಗಿದರು. "ಆತ್ಯಾನ ಮುಂದ ಜರಾ ಶ್ಯಾಣ್ಯಾರಂಗ ಇರ್ರಿ. ನನಗ ತಾಯಿ ಅಂತ ಅವರೊಬ್ಬರೇ," ಎಂದರು ಕಿಟಕಿಗೆ. ಆ ಮಾತು ರಾಯರ ಎದೆಯನ್ನು ಬ್ಯಾಟರಿಗಿಂತ ಹೆಚ್ಚು ಸುಟ್ಟಿತು.

ಪರಾಗನ ಮನೆಯ ಬಾಗಿಲಲ್ಲೇ ಮೊದಲ ಪರೀಕ್ಷೆ. ಮೀಸೆಯ ಮುದುಕರೊಬ್ಬರು ಎದುರಾದರು. ಕಿವಿಯಲ್ಲಿ ಕುಮುದಿನಿಯ ದನಿ: "ಇವರು ಭಾಲ್ಕಿ ಮಾಮಾ. ಕಾಲ ಮುಟ್ಟಲಿಲ್ಲಂದ್ರ ಊಟ ಬಿಟ್ಟ ಏಳ್ತಾರ." ಇಪ್ಪತ್ತೆಂಟು ವರ್ಷ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ ದನಿಯನ್ನು ರಾಯರು ಮೊದಲ ಸಲ ಅಕ್ಷರಶಃ ಪಾಲಿಸಿದರು. ಬಗ್ಗುವಂತಿಲ್ಲ. ಆದ್ದರಿಂದ ಬೆನ್ನು ನೆಟ್ಟಗಿಟ್ಟು, ಬಾವಿಗೆ ಇಳಿಯುವ ಕೊಡದಂತೆ ಮಂಡಿಯೂರಿ ಇಳಿದು, ಪಾದ ಮುಟ್ಟಿ, ಹಾಗೇ ನೆಟ್ಟಗೆ ಏರಿದರು. "ಹ್ಯಾಂಗಿದ್ದೀರಿ ಮಾಮಾ?"

ಮಾಮಾನ ಕಣ್ಣು ತುಂಬಿ ಬಂತು. "ಮಂಡಿ ಊರಿ ನಮಸ್ಕಾರ ಮಾಡೋ ಅಳಿಯಗೋಳು ಈಗೆಲ್ಲಿ ಸಿಗ್ತಾರವಾ," ಎಂದರು ಕುಮುದಿನಿಗೆ. ಕುಮುದಿನಿ ಗಂಡನನ್ನು ನೋಡಿದ ನೋಟದಲ್ಲಿ ಆಶ್ಚರ್ಯವಿತ್ತು, ಹೆಮ್ಮೆಯ ಒಂದು ಚಿಟಿಕೆಯೂ ಇತ್ತು.

ಒಳಗೆ ತೊಟ್ಟಿಲ ಪಕ್ಕ ಮಗು ಎತ್ತಿಕೊಂಡು ಮಾನಸಿ ನಿಂತಿದ್ದಳು. ಯಂತ್ರ ಅವಳನ್ನು ನೋಡಿ ಕಿವಿಯಲ್ಲಿ ಅಂದಿತು: "ಅಯ್ಯ, ಇದು ನಾನೇ ಅಲ್ಲೇನು? ಏನ್ ಸಪೂರ ಇದ್ದೆ ನೋಡ್ರಿ."

ಸೋದರತ್ತೆ ಕುಮುದಿನಿಯ ಹೋಲಿಕೆ ಮಾನಸಿಗೆ ಬಂದಿರುವುದು ಸಹಜ. ಆದರೆ ಈ ಯಂತ್ರಕ್ಕೆ ಗೊತ್ತಿರುವುದು ಇಪ್ಪತ್ತೆಂಟು ವರ್ಷದ ಹಿಂದಿನ ಮುಖಗಳು. ಮಾಮಾನನ್ನು ಮೀಸೆ ಕಾಪಾಡಿತು. ಕೇಶರಬಾಯಿಗೆ ಮೀಸೆಯಿಲ್ಲ.

ಅಷ್ಟರಲ್ಲಿ ಜಮಖಾನದ ಮೇಲಿನಿಂದ ಕರೆ ಬಂತು. ಅಲ್ಲಿ ಗೋಡೆಗೆ ಒರಗಿ ಮೂವರು ಅಜ್ಜಿಯರು ಕೂತಿದ್ದರು. ಮೂವರು ಅಕ್ಕತಂಗಿಯರು. ಮೂವರದೂ ಹಸಿರು ಇಳಕಲ್ ಸೀರೆ, ಮೂವರದೂ ದಪ್ಪ ಕನ್ನಡಕ, ಮೂವರ ಬಾಯಲ್ಲೂ ಎಲೆಯಡಿಕೆ. ನಡುವಿನವರು ಅಳಿಯನಿಗೆ ಕೈ ಮಾಡಿದರು.

"ಬರ್ರಿ ಪಾವಣ್ಯಾರ. ನಾ ಯಾರು ಹೇಳ್ರಿ ನೋಡೂಣು."

ಅಡುಗೆಮನೆಯ ಬಾಗಿಲಲ್ಲಿ ಗುಗ್ಗರಿಯ ತಾಟು ಹಿಡಿದು ಕುಮುದಿನಿ ನಿಂತರು. ಯಂತ್ರ ಮಾತಾಡಲಿಲ್ಲ. ರಾಯರು ಒಂದು ಹೆಜ್ಜೆ ಮುಂದೆ ಹೋದರು. ಮಾತಾಡಲಿಲ್ಲ. ಎದೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ನಡುವಿನ ಅಜ್ಜಿಯ ಕಣ್ಣು ಮಫ್ಲರಿನಿಂದ ಹೊರಬಿದ್ದ ವೈರಿನ ಮೇಲೆ ಬಿತ್ತು.

"ಅಯ್ಯೋ ಪಾಪ, ನಿಮಗೂ ಕಿವಿ ಹೋದ್ವೇನು?" ಎಂದು ಅವರು ಗಟ್ಟಿಯಾಗಿ ಒದರಿದರು. "ನನಗೂ ಎರಡು ವರ್ಷದಿಂದ ಏನೂ ಕೇಳಂಗಿಲ್ಲ ನೋಡ್ರಿ. ನಾ ಯಾರು ಅಂತ ಕೇಳಿದೆ."

ಗಾಬರಿಯಾದ ಮನುಷ್ಯನಿಗೆ ಹುಟ್ಟಾ ಬಂದ ಅಭ್ಯಾಸವೇ ಗತಿ. ಪಾಂಡುರಂಗರಾಯರು ಬಗ್ಗಿದರು.

ಪಿನ್ನು ಕಳಚಿತು. ಪವರ್ ಬ್ಯಾಂಕು ಪ್ಯಾಂಟಿನೊಳಗೆ ಜಾರಿ ಮೊಣಕಾಲಿನಲ್ಲಿ ನಿಂತಿತು. ಪಾದ ಮುಟ್ಟಿ ಏಳುವಾಗ ಕ್ಯಾಮೆರಾಕ್ಕೆ ಅಜ್ಜಿಯ ಮುಖ ಕೆಳಗಿನಿಂದ ಸ್ಪಷ್ಟವಾಗಿ ಕಂಡಿತು. ರಾಯರ ಎದೆಯೊಳಗಿಂದ, ಇಡೀ ಮನೆಗೆ ಕೇಳುವಂತೆ, ಕುಮುದಿನಿ ಮಾತಾಡಿದರು:

"ಇವರು ನಮ್ಮ ಕೇಶರ ಆತ್ಯಾ. ನನ್ನ ಸಾಕಿ ಬೆಳಸಿದವರು. ಕಿವಿ ಕೇಳಂಗಿಲ್ಲ ಅಂತ ಎಲ್ಲಾರೂ ತಿಳಕೊಂಡಾರ. ಖರೆ ಹೇಳ್ಲಿ? ಅವರಿಗೆ ಎಲ್ಲಾ ಕೇಳಸ್ತದ. ಸೊಸೆಂದ್ರು ಏನೇನ ಅಂತಾರ ತಿಳೀಲಿಕ್ಕ ಕಿವುಡರಾಗ್ಯಾರ."

ಗುಗ್ಗರಿಯ ತಾಟು ಕುಮುದಿನಿಯ ಕೈಯಲ್ಲಿ ವಾಲಿ, ನಾಲ್ಕು ಕಾಳು ನೆಲದ ಮೇಲೆ ಉರುಳಿದವು. ಅವುಗಳ ಸದ್ದೂ ಕೇಳಿಸಿತು. ಕೇಶರಬಾಯಿಯ ಇಬ್ಬರು ಸೊಸೆಯಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಎರಡು ವರ್ಷದಿಂದ ಅವರೆದುರಿಗೇ ಕೂತು ಏನೇನು ಅಂದಿದ್ದೇವೆ ಎಂಬುದನ್ನು ಇಬ್ಬರೂ ನೆನೆಯುತ್ತಿದ್ದಂತಿತ್ತು. ಅಲ್ಲಿಯವರೆಗೆ ಪಾಂಡುರಂಗರಾಯರ ಒಬ್ಬರದೇ ಆಗಿದ್ದ ಭಯ ಈಗ ಇಡೀ ಮನೆಗೆ ಹಂಚಿಕೆಯಾಯಿತು.

ಎಲ್ಲರೂ ಕೇಶರಬಾಯಿಯನ್ನು ನೋಡಿದರು. ಕೇಶರಬಾಯಿ ಸಿಟ್ಟಾದರೆ ಕೇಳಿಸಿತೆಂದಾಯಿತು. ಸಿಟ್ಟಾಗದಿದ್ದರೆ ಬೈಯುವಂತಿಲ್ಲ. ಅವರು ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು.

"ಏನಂತು ಅದು?"

ಕೊನೆಗೆ ಪರಾಗ ಅವರ ಕಿವಿಯ ಹತ್ತಿರ ಬಾಯಿಟ್ಟು, "ನಿಮ್ಮ ಹೆಸರು ಹೇಳ್ತು ಆತ್ಯಾ," ಎಂದು ಕೂಗಿದ.

"ಬರೇ ಹೆಸರೇನು? ಭಾಳ ಹೊತ್ತು ಮಾತಾಡ್ತಲ್ಲ."

"ನಿಮಗ ಕೇಳಿಸ್ತೇನ್ರಿ?" ಹಿರಿಯ ಸೊಸೆಯ ಬಾಯಿಂದ ಪ್ರಶ್ನೆ ಹಾರಿಯೇ ಬಿಟ್ಟಿತು.

"ಎಲ್ಲಾರ ಬಾಯಿ ಭಾಳ ಹೊತ್ತು ತೆರದಿದ್ದವಲ್ಲ, ಅದಕ್ಕ ಅಂದೆ," ಎಂದರು ಕೇಶರಬಾಯಿ. ಪ್ರಶ್ನೆಯನ್ನು ಸೊಸೆ ಪಿಸುದನಿಯಲ್ಲಿ ಕೇಳಿದ್ದಳೆಂಬುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಕುಮುದಿನಿ ತಾಟು ಕೆಳಗಿಟ್ಟು ಬಂದು ಅವರ ಕಾಲ ಬಳಿ ಕೂತರು. "ಆತ್ಯಾ, ನಾ ಹಂಗ..." ಎಂದು ಶುರುಮಾಡಿದರು. ಕಣ್ಣು ತುಂಬಿದ್ದವು. ರಾಯರಿಗೆ ತಮ್ಮ ಯಂತ್ರ ಅಲ್ಲೇ ಸಿಡಿದು ತಮ್ಮನ್ನೂ ಒಯ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಕೇಶರಬಾಯಿ ಕುಮುದಿನಿಯ ತಲೆಯ ಮೇಲೆ ಕೈಯಿಟ್ಟರು. ಕಣ್ಣು ಮಾತ್ರ ಅಳಿಯನ ಮೇಲಿತ್ತು. "ಆ ಡಬ್ಬಿ ಹೊರಗ ತಗೀರಿ. ಅದಕ್ಕ ಎಲ್ಲಾರ ಗುರುತೂ ಹತ್ತತದೇನು?"

ರಾಯರು ಮೊಬೈಲು ಬಿಚ್ಚಿ ಹೊರಗಿಟ್ಟು, ಹೌದೆಂದು ತಲೆಯಾಡಿಸಿದರು.

"ಹಂಗಾದ್ರ ಇವರ ಕಡಿ ಹಿಡಿ ಪರಾಗ. ನನ್ನ ಗುರುತು ಹಿಡಿಯಲಾರದ ಈ ಅಳಿಯ ಯಾರು ಅಂತ ಅದೇ ಹೇಳ್ಲಿ. ಹೇಳ್ತು ಅಂದ್ರ ಇವತ್ತೇ ನಿಮ್ಮ ಜೋಡಿ ಮೈಲೂರಿಗೆ ಬರ್ತೇನಿ. ಇಲ್ಲಂದ್ರ ಇಲ್ಲ."

ಕುಮುದಿನಿ ಗಂಡನನ್ನು ನೋಡಿದರು. ರಾಯರು ಮನಸ್ಸಿನಲ್ಲೇ ಎಣಿಸಿದರು. ಅರವತ್ತೆರಡು ಮುಖಗಳಲ್ಲಿ ತಮ್ಮದು ಇರಲಿಲ್ಲ. ತನ್ನ ಗುರುತು ತನಗೇ ಬೇಕಾದೀತೆಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ನದೀಮನ ಮಾತು ನೆನಪಾಯಿತು. ಅರವತ್ಮೂರು! ಆ ಒಂದು ಜಾಸ್ತಿ ಮುಖ, ಸಿಲಿಂಡರಿನವ ಕರೆದಾಗ ತೆರೆದಿದ್ದ ಮೆರವಣಿಗೆಯ ಪುಟ, ಕೆಂಪು ಕೋಟು. ತಾವಿಲ್ಲದಾಗ ಹೆಂಡತಿ ತಮ್ಮ ಮೇಲೂ ಬೆರಳಿಟ್ಟು ಏನೋ ಹೇಳಿದ್ದಾಳೆ. ಪಾಂಡುರಂಗರಾಯರ ಬೆನ್ನು ತಾನಾಗಿ ನೆಟ್ಟಗಾಯಿತು. ಮಫ್ಲರನ್ನು ಪೇಟದಂತೆ ಸರಿಮಾಡಿಕೊಂಡು, ಗದ್ದ ಎತ್ತಿ, ಅಂದು ನಕ್ಕಂತೆಯೇ ನಕ್ಕರು.

ಪರಾಗ ಮೊಬೈಲನ್ನು ಅವರ ಮುಖಕ್ಕೆ ಹಿಡಿದ. ಒಡೆದ ಗಾಜಿನ ಮೇಲೆ ಸಣ್ಣ ಚಕ್ರ ತಿರುಗಿತು, ನಿಂತಿತು. ಕುಮುದಿನಿಯ ದನಿ ನಿಧಾನವಾಗಿ, ಕಣ್ಣು ಕಿರಿದು ಮಾಡಿ ನೋಡುವವರ ದನಿಯಂತೆ, ಹೊರಬಂತು:

"ಇಂವ... ಯಾರೋ ಬ್ಯಾಂಡಿನವ ಇರಬೇಕು ನೋಡ್ರಿ."

ಇಡೀ ಮನೆಯಲ್ಲಿ ಮೊದಲು ನಕ್ಕವರು ಕೇಶರಬಾಯಿ. ಎಲೆಯಡಿಕೆ ನೆತ್ತಿಗೇರುವಂತೆ, ಕಣ್ಣಲ್ಲಿ ನೀರು ಬರುವಂತೆ, ಕುಮುದಿನಿಯ ಹೆಗಲು ಹಿಡಿದುಕೊಂಡು ನಕ್ಕರು. ಇಬ್ಬರು ಸೊಸೆಯಂದಿರೂ ನಿಧಾನವಾಗಿ ಅವರ ಕಡೆ ತಿರುಗಿದರು. ಆಗ ಯಂತ್ರ ತನ್ನ ಮಾತು ಮುಗಿಸಿತು:

"ಪಾಪ, ಉಂಡ ಹೋದನೋ ಇಲ್ಲೋ."