ಮೀನಿಗೆ ಬಿಟ್ಟ ಗಡ್ಡ

ಬೇರೆಯವರ ಮನೆಗೆ ಪೇಚಾಟ ಅನ್ನೋದು ಅಪರೂಪಕ್ಕೆ ಬರೋ ನೆಂಟ. ನಮ್ಮನೆಗೆ ಮಾತ್ರ ಹೇಳದೆ ಕೇಳದೆ ಬಂದು, ಕೈಕಾಲು ತೊಳೆದು, ಊಟಕ್ಕೂ ಕೂತುಬಿಡುತ್ತಿತ್ತು. ಅದಕ್ಕೆ ಕಾರಣ ನಮ್ಮನೆಯವರು. ಇದು ಅರವತ್ತರ ದಶಕದ ಮಾತು. ಭದ್ರಾವತಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವರಿಗೆ ಕೆಲಸ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಬಾಡಿಗೆ ಮನೆ, ದಿನಾ ರೈಲಿನಲ್ಲಿ ಓಡಾಟ. ಒಂದು ಹುಚ್ಚು ಹಿಡಿದರೆ ಬಿಡೋ ಆಸಾಮಿ ಅಲ್ಲ. ಆ ಹಟ ನೋಡಿ ನನಗೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಹೆಮ್ಮೆಯೂ ಆಗುತ್ತಿತ್ತು. ಹೆಮ್ಮೆ ಮಾತ್ರ ತೋರಿಸುತ್ತಿರಲಿಲ್ಲ. ತೋರಿಸಿದರೆ ಇನ್ನೊಂದು ಹುಚ್ಚು ಮನೆಗೆ ಬರುತ್ತೆ.

ರಾಮೇಶ್ವರದ ನೀರು

ಕಾರ್ಖಾನೆಯ ಫೋರ್‌ಮನ್ ಒಬ್ಬರು ತಮಿಳರು, ರಾಮೇಶ್ವರದ ಕಡೆಯವರು. ಊರಿಗೆ ಹೋದವರು ನಮ್ಮನೆಯವರಿಗೆ ಅಂತ ದೊಡ್ಡ ದೊಡ್ಡ ಗಾಜಿನ ಜಾಡಿಗಳಲ್ಲಿ ಸಮುದ್ರದ ನೀರು ತುಂಬಿಸಿ ತಂದರು. ಒಂದರಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಪುಟ್ಟ ಮೀನು. ಇನ್ನೊಂದರಲ್ಲಿ ಕಲ್ಲಿಗೆ ಅಂಟಿಕೊಂಡ ಕಡಲ ಹೂವು. ಹೂವು ಅಂದರೆ ಮುಡಿಯೋದಲ್ಲ, ಅದೂ ಒಂದು ಜೀವಿಯೇ. ಬೆರಳಿನಂಥ ಎಸಳು, ಸೋಕಿದರೆ ಚುರುಕ್ ಅನ್ನುತ್ತೆ. ಬೇರೆ ಮೀನು ಹತ್ತಿರ ಹೋದರೆ ಗೋವಿಂದ. ಈ ಜಾತಿ ಮೀನು ಮಾತ್ರ ಅದರೊಳಗೇ ಮನೆ ಮಾಡಿಕೊಂಡು ಹಾಯಾಗಿರುತ್ತಂತೆ.

ನಡುಮನೆಯ ಕಿಟಕಿ ಪಕ್ಕ ಗಾಜಿನ ತೊಟ್ಟಿ ಬಂತು. ಲಾರಿ ಟ್ಯೂಬಿಗೆ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಸಣ್ಣ ರಬ್ಬರ್ ನಳಿಗೆಯಿಂದ ನೀರಿಗೆ ಗುಳುಗುಳು ಬಿಡೋ ವ್ಯವಸ್ಥೆ. ಪಂಪ್ ಹೊಡೆಯೋಳು ನಾನು.

ಮನೆಯ ಯಜಮಾನ್ತಿ ಪಕ್ಕದ ಮನೆಯಲ್ಲೇ ಇದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. 'ಈ ಮನೆಯೊಳಗೆ ಮೀನು ಮಾಂಸ ಬರೋ ಹಾಗಿಲ್ಲ' ಅನ್ನೋ ಒಂದೇ ಷರತ್ತಿನ ಮೇಲೆ ಮನೆ ಕೊಟ್ಟಿದ್ದರು. ತೊಟ್ಟಿ ನೋಡಿದವರೇ ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನಪ್ಪಾ ಇದು?"

"ತಿನ್ನೋ ಮೀನಲ್ಲ ಅಮ್ಮ. ಆ ಹೂವಿನೊಳಗೆ ಸಂಸಾರ ಮಾಡೋ ಮೀನು."

"ಎಲ್ಲಿ ಮಾಡ್ತಿದೆ? ಮೂಲೇಲಿ ಮುಖ ಊದಿಸ್ಕೊಂಡು ಕೂತಿದೆಯಲ್ಲ!"

ನಿಜ. ಹೂವು ಒಂದು ಕಡೆ, ಮೀನು ಒಂದು ಕಡೆ.

"ನೋಡು, ಗೌರಿ ಹಬ್ಬದೊಳಗೆ ಅದು ಹೂವಿನೊಳಗೆ ಸೇರಿದ್ರೆ ನಿನ್ನ ಮಾತು ನಂಬ್ತೀನಿ. ಸೇರದೆ ಇದ್ರೆ ಮೀನಿನ ಜೊತೆ ನೀವೂ ಬೇರೆ ಮನೆ ನೋಡ್ಕೊಳ್ಳಿ."

ಸಿಹಿನೀರಿನ ಬಾವಿ ಇರೋ ಇಂಥ ಮನೆ ಮತ್ತೆ ಸಿಗುತ್ತಾ? ನಮ್ಮನೆಯವರು ಮೆಲ್ಲಗೆ, "ನೀರು ರಾಮೇಶ್ವರದ್ದು ಅಮ್ಮ" ಅಂದರು. ಬಾಗಿಲ ತನಕ ಹೋಗಿದ್ದ ಯಜಮಾನ್ತಿ ವಾಪಸ್ಸು ಬಂದು, ಎರಡು ಬೆರಳು ಅದ್ದಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡು, "ತೀರ್ಥ ಬೇರೆ, ಮಾತು ಬೇರೆ" ಅಂತ ಹೇಳಿ ಹೋದರು.

ಮಾರನೇ ಬೆಳಿಗ್ಗೆ ಬೀದಿಯವರೆಲ್ಲ ಚೊಂಬು ಹಿಡಿದು ಬಾಗಿಲಲ್ಲಿ. ನೀರು ಖಾಲಿಯಾದರೆ ಮೀನಿನ ಗತಿ? ನಮ್ಮನೆಯವರು ಲ್ಯಾಬಿನ ಗಾಜಿನ ಕೊಳವೆಯಲ್ಲಿ ಅಳೆದು ಒಬ್ಬೊಬ್ಬರ ತಲೆಗೆ ಒಂದೊಂದು ಹನಿ ಬಿಟ್ಟರು. ಕೊನೆಗೆ ನಿಂತಿದ್ದ ತಾತ ಕೇಳೇಬಿಟ್ಟರು: "ಇಷ್ಟೇನಾ? ಯಾಕಪ್ಪಾ, ಅಲ್ಲಿ ಸಮುದ್ರ ಬತ್ತಿಹೋಗಿದೆಯಾ?"

ಸೇರಿತಾ?

ಮೀನನ್ನು ಹೂವಿಗೆ ಸೇರಿಸೋಕೆ ಬೀದಿಗೆ ಬೀದಿಯೇ ಸಲಹೆ ಕೊಟ್ಟಿತು. "ಗೃಹಪ್ರವೇಶ ಮಾಡದೆ ಯಾರಾದ್ರೂ ಒಳಗೆ ಕಾಲಿಡ್ತಾರಾ? ಹಾಲುಕ್ಕಿಸಿ" ಅಂದರು ಎದುರುಮನೆಯವರು. ಅವರು ಹಾಲಿನ ಪಾತ್ರೆ ಸಮೇತ ಬಂದಿದ್ದರಿಂದ, ತೊಟ್ಟಿಗೆ ಸುರಿದಾರು ಅಂತ ನಾನು ಅಡ್ಡ ನಿಂತು ಅಲ್ಲೇ ಕಾಫಿ ಮಾಡಿ ಕುಡಿಸಿ ಕಳಿಸಿದೆ.

"ಹೂವಿನೊಳಗೆ ಮೀನು ಕೂತಿರೋ ಚಿತ್ರ ತೋರಿಸಿ, ನೋಡಿ ಕಲಿಯುತ್ತೆ" ಅಂದವರು ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮನೆಯವರು ಭಾನುವಾರವಿಡೀ ಕೂತು ಬರೆದು ಗಾಜಿಗೆ ಅಂಟಿಸಿದರು. ಮೀನು ಅದನ್ನು ನೋಡಿ ಕಲ್ಲಿನ ಹಿಂದೆ ಅಡಗಿದ್ದು, ಚಿತ್ರ ಕಿತ್ತ ಮೇಲೇ ಈಚೆ ಬಂದದ್ದು. ಅದರ ತಪ್ಪೇನಿಲ್ಲ, ನನಗೂ ಹೆದರಿಕೆ ಆಗಿತ್ತು.

ದಿನಾ ಬೆಳಿಗ್ಗೆ ಯಜಮಾನ್ತಿ ಗೋಡೆಯಾಚೆಯಿಂದ "ಸೇರಿತಾ?" ಅಂತ ಕೂಗೋರು. ನಾನು "ಇನ್ನೂ ಇಲ್ಲಮ್ಮ" ಅನ್ನೋಳು. ಬೀದಿಗೆ ಹೊಸದಾಗಿ ಬಂದ ಹೆಂಗಸೊಬ್ಬರು ಒಂದು ದಿನ ನನ್ನ ಕೈಹಿಡಿದು, "ನಿಮ್ಮನೆ ಹುಡುಗಿ ಇನ್ನೂ ಗಂಡನ ಮನೆ ಸೇರಿಲ್ವಂತಲ್ಲ, ಪಾಪ. ಹುಡುಗ ಕುಡೀತಾನಾ?" ಅಂತ ಕೇಳಿದರು. "ಹೌದು ಕಣ್ರೀ, ಮೂರು ಹೊತ್ತೂ ನೀರಲ್ಲೇ ಇರ್ತಾನೆ" ಅಂದೆ.

ಸೋಪಿಗೆ ಬಹಿಷ್ಕಾರ

ಹೂವು ಬಾಡಿದ ಹಾಗೆ ಕಂಡಿತು. ಫೋರ್‌ಮನ್ ಬಂದು ನೋಡಿ, "ಸಾರ್, ಸೋಪು ಅದಕ್ಕೆ ವಿಷ. ಹೂವು ಕಲ್ಲು ಬಿಟ್ಟು ಕೆಳಗೆ ಗಟ್ಟಿಯಾಗಿ ಕಾಲೂರೋ ತನಕ ಸೋಪಿನ ಕೈ ಹತ್ತಿರ ತರಬೇಡಿ" ಅಂದರು. ಕೈ ಅಂದರೆ ಕೈ ಮಾತ್ರ ಅಂದುಕೊಳ್ಳೋರು ಬೇರೆ ಗಂಡಸರು. ನಮ್ಮನೆಯವರು ಮನೆಯಲ್ಲಿದ್ದ ಸೋಪನ್ನೆಲ್ಲ ದಾನ ಮಾಡಿದರು. ನನ್ನ ಸ್ನಾನ ಕಡಲೆಹಿಟ್ಟಿನಲ್ಲಿ. ಅವರು ದಿನಾ ನೀರಿಗೆ ಮೂಗು ತಾಗಿಸಿ ಹೂವು ನೋಡೋರಾದ್ದರಿಂದ ಕೆನ್ನೆಗೂ ಸೋಪಿಲ್ಲ, ಅಂದರೆ ಕ್ಷೌರವೂ ಇಲ್ಲ. ತೊಟ್ಟಿಯಲ್ಲಿ ಆರಿದಷ್ಟು ತುಂಬೋಕೆ ಬಾವಿಯಿಂದ ನೀರು ಸೇದೋ ಕೆಲಸಕ್ಕೂ ನನ್ನ ಕೈ ನಂಬದೆ ತಾವೇ ಬಿಂದಿಗೆ ಹೊತ್ತರು.

ಅಪ್ಪ ಅಳಿಯನಿಗೆ ಅಂತ ಕೊಟ್ಟಿದ್ದ ಹೊಸ ಶೇವಿಂಗ್ ಬ್ರಷ್ ಒಂದು ಹನಿ ಸೋಪು ಕಾಣದೆ ಕಿಟಕಿಯ ಮೇಲೆ ಕೂತಿತ್ತು. ಬೀದಿಯ ಬೆಕ್ಕೊಂದು ಹಾರಿ ಅದನ್ನು ತೊಟ್ಟಿಗೆ ಬೀಳಿಸಿತು. ಮೀನು ಹತ್ತಿರ ಬಂತು, ಒಂದು ಸುತ್ತು ಹಾಕಿತು, ಬ್ರಷ್ಷಿನ ಕೂದಲೊಳಗೆ ಮುಖ ತೂರಿಸಿ ಮಲಗಿಯೇಬಿಟ್ಟಿತು. ರಾಮೇಶ್ವರದಿಂದ ಹೊತ್ತು ತಂದ ಹೂವು ಬೇಡ, ನಮ್ಮಪ್ಪ ಗಾಂಧಿ ಬಜಾರಿನಲ್ಲಿ ಕೊಂಡ ಬ್ರಷ್ ಬೇಕು!

"ತೆಗೀಲಾ?" ಅಂದೆ.

"ಬೇಡ, ಪಾಪ. ಎಲ್ಲೋ ಒಂದು ಕಡೆ ನೆಮ್ಮದಿ ಕಂಡುಕೊಂಡಿದೆ" ಅಂದರು. ಮನೆ ಹೋಗೋ ಹೊತ್ತಿನಲ್ಲೂ ಮೀನಿನ ನೆಮ್ಮದಿ ನೋಡೋ ಮನುಷ್ಯನನ್ನ ಏನಂತ ಬೈಯೋದು? "ನಿಮ್ಮ ಮಾವನ ಮನೆ ವಸ್ತು ನಿಮಗಿಂತ ಅದಕ್ಕೇ ಹಿಡಿಸಿದೆ" ಅಂತ ಹೇಳಿ ಪಂಪ್ ಹೊಡೆಯೋಕೆ ಕೂತೆ.

ಬಯಕೆ

ಗಡ್ಡ ಸೊಂಪಾಗಿ ಬೆಳೆಯಿತು. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಪದ್ಧತಿ. ಆ ಗಡ್ಡ, ಕಡಲೆಹಿಟ್ಟು ತಿಕ್ಕಿ ತಿಕ್ಕಿ ಹೊಳೆಯೋ ನನ್ನ ಮುಖ, ಜೊತೆಗೆ ಬಿಂದಿಗೆ ಹೊರೋ ಗಂಡ. ಬೀದಿಗೆ ಇನ್ನೇನು ಸಾಕ್ಷಿ ಬೇಕು? ಒಬ್ಬರು ಕೋಡುಬಳೆ ತಂದರು, ಇನ್ನೊಬ್ಬರು ಮಾವಿನಕಾಯಿ ಗೊಜ್ಜು.

"ಅಯ್ಯೋ, ಅಂಥದ್ದೇನೂ ಇಲ್ಲ ಕಣ್ರೀ" ಅಂದೆ.

"ಮೊದಲನೇ ಸಲ ಎಲ್ಲರೂ ಹಾಗೇ ಅನ್ನೋದು" ಅಂದರು.

ಭದ್ರಾವತಿ ರೈಲಿನಲ್ಲಿ ನಮ್ಮನೆಯವರಿಗೆ ಜನ ಎದ್ದು ಸೀಟು ಬಿಟ್ಟರಂತೆ. "ನನಗ್ಯಾಕೆ?" ಅಂದರೆ, "ಕೂತ್ಕೊಳ್ಳಿ ಸಾರ್, ಮುಂದೆ ನಿದ್ದೆ ಇರಲ್ಲ" ಅಂದರಂತೆ.

ತವರಿನ ಪೆಟ್ಟಿಗೆ

ಹಬ್ಬ ಹತ್ತಿರ ಬಂತು. ಯಜಮಾನ್ತಿ ಹುಣಸೆ ತೊಕ್ಕು ಹಿಡಿದು ಬಂದವರು ತೊಟ್ಟಿಯೊಳಗೆ ಬ್ರಷ್ ನೋಡಿದರು. "ಗಡ್ಡ ಬಿಟ್ಟಿದ್ದೀಯ ಸರಿ, ಬ್ರಷ್ ಯಾಕಪ್ಪಾ ಮುಳುಗಿಸಿದೆ?"

ನಮ್ಮನೆಯವರು ಸೋಪಿನ ಕಥೆಯೆಲ್ಲ ಬಿಡಿಸಿ ಹೇಳಿದರು. ಕೇಳಿ ಅವರ ಮುಖ ಸಣ್ಣದಾಯಿತು. "ಹಾಗಾದ್ರೆ ಇವಳು..." ಅಂದರು. ನಾನು ತಲೆ ಅಲ್ಲಾಡಿಸಿದೆ. ನಮಗೆ ಮದುವೆಯಾಗಿ ಕೆಲವು ವರ್ಷ ಆಗಿತ್ತು; ಅವರಿಗಾದ ಬೇಸರ ನೋಡಿ ನನಗೇ ಅಳು ಬಂತು. ತೊಕ್ಕು ವಾಪಸ್ಸು ಕೊಡೋಕೆ ಹೋದೆ. "ಇಟ್ಕೊಳೇ ಮಾರಾಯ್ತಿ, ತೊಕ್ಕಿಗೇನು ಬಸುರಿಯೇ ಆಗ್ಬೇಕಾ?" ಅಂದು ತೊಟ್ಟಿ ಮುಂದೆ ಕೂತರು.

ತುಂಬ ಹೊತ್ತು ನೋಡಿ ಹೇಳಿದರು: "ಹೊಸ ಸೊಸೆ ತವರಿನ ಪೆಟ್ಟಿಗೆ ಪಕ್ಕದಲ್ಲೇ ಮಲಗೋದು. ಪೆಟ್ಟಿಗೆ ಕಿತ್ಕೊಂಡ್ರೆ ಅಳ್ತಾಳೆ. ದಿನಾ ಪೆಟ್ಟಿಗೇನೇ ಒಂಚೂರು ಒಳಗೆ ಸರಿಸ್ಬೇಕು." ಮನೆ ಬಿಡಿಸಬೇಕಾದವರೇ ಉಪಾಯ ಹೇಳಿಕೊಟ್ಟರು. ಅಂಥ ಜೀವ ಅದು.

ಬ್ರಷ್ಷನ್ನು ದಿನಾ ಒಂದು ಬೆರಳಗಲ ಹೂವಿನ ಕಡೆ ಸರಿಸಿದೆವು. ಹಬ್ಬದ ಮುಂಚಿನ ದಿನ ಬೆಳಿಗ್ಗೆ ನೋಡ್ತೀನಿ, ಬ್ರಷ್ ಖಾಲಿ! ಮೀನು ಹೂವಿನ ನಡುವೆ ಬೆಚ್ಚಗೆ ಕೂತು ನನ್ನನ್ನೇ ನೋಡುತ್ತಿತ್ತು. "ಸೇರಿತು!" ಅಂತ ಕೂಗಿದೆ. ಬೀದಿಯೇ ಓಡಿಬಂತು. ಯಜಮಾನ್ತಿ ಪೂಜೆಯ ಗಂಟೆ ಬಾರಿಸುತ್ತಲೇ ಬಂದು, "ಇನ್ನು ಮೀನೂ ಇಲ್ಲೇ, ನೀವೂ ಇಲ್ಲೇ" ಅಂದರು. ಹೂವು ಗಟ್ಟಿಯಾಗಿ ಕಾಲೂರಿತ್ತು. ಇನ್ನು ಸೋಪಿನ ಭಯವಿಲ್ಲ ಅಂತ ನಮ್ಮನೆಯವರು ಕುಣಿಯುತ್ತಾ ಕ್ಷೌರದಂಗಡಿಗೆ ಹೋದರು.

ಅವರು ಅತ್ತ ಹೋದದ್ದೇ ತಡ, ನನಗೆ ಇತ್ತ ತಲೆ ಸುತ್ತಿ, ವಾಂತಿ. ಯಜಮಾನ್ತಿ ನನ್ನ ಕಣ್ಣು ನೋಡಿದರು, ಎರಡು ಪ್ರಶ್ನೆ ಕೇಳಿದರು, ಬೀದಿ ಕೊನೆಯ ಸೂಲಗಿತ್ತಿಯನ್ನ ಕರೆಸಿದರು. ಆಕೆ ನೋಡಿ ನಕ್ಕು, "ಈ ಸಲ ನಿಜ" ಅಂದಳು. ಯಜಮಾನ್ತಿ ಬೀದಿಗಿಳಿದು ಡಂಗುರ ಹೊಡೆಯೋಕೆ ಶುರು ಮಾಡಿದರು.

ಅಷ್ಟರಲ್ಲಿ ನಮ್ಮನೆಯವರು ನುಣ್ಣಗೆ ಬೋಳಿಸಿಕೊಂಡು, ಮುಖ ತಂಬಿಗೆ ಹಾಗೆ ಹೊಳೆಯುತ್ತಾ ಬೀದಿಯ ತುದಿಯಿಂದ ನಗುನಗುತ್ತಾ ಬಂದರು. ನೆರೆದವರೆಲ್ಲ ಒಮ್ಮೆ ಆ ಕೆನ್ನೆ ನೋಡಿದರು, ಒಮ್ಮೆ ಯಜಮಾನ್ತಿಯನ್ನ ನೋಡಿದರು. "ಬಿಡಿ ಅಮ್ಮ, ಈ ಸಲ ನಾವು ನಂಬಲ್ಲ" ಅಂತ ಹೇಳಿ ಮನೆಗಳಿಗೆ ಹೋದರು.

ಯಜಮಾನ್ತಿ ಗಂಟೆ ಹಿಡಿದ ಕೈಯಲ್ಲೇ ಹಣೆ ಚಚ್ಚಿಕೊಂಡರು. "ಅಲ್ಲಯ್ಯಾ ಮಾರಾಯ, ಮೀನಿಗೋಸ್ಕರ ಗಡ್ಡ ಬಿಟ್ಟೆ. ಹೆಂಡತಿಗೆ ಬಿಡ್ಬೇಕಾದ ದಿನ ಬೋಳಿಸ್ಕೊಂಡು ಬಂದ್ಯಲ್ಲೋ!"