ಬೆನ್ನ ಮೇಲಿನ ಜೇಬು

ಎಲ್ಲಾ ಆ ಕಾಗದದಿಂದ ಬಂದ ಫಜೀತಿ. 1982ರ ಒಂದು ಸೋಮವಾರ ಚನ್ನಗಿರಿಯ ಟೈಲರ್ ಯರ್ರಿಸ್ವಾಮಿಗೆ ಬೆಂಗಳೂರಿನ ಮೇಡಂ ಒಬ್ಬರ ಕಾಗದ ಬಂತು: "ಮಂಗಳವಾರ ಮಧ್ಯಾಹ್ನ ನಿಮ್ಮ ಕೆಲಸ ನೋಡಲು ಬರುತ್ತೇನೆ. ಮೆಚ್ಚಿಗೆಯಾದರೆ ದೆಹಲಿಯ ಉಡುಪು ಪ್ರದರ್ಶನಕ್ಕೆ ಕರೆದೊಯ್ಯುತ್ತೇನೆ." ಓದಿ ಸುಮ್ಮನಿರಬಾರದಿತ್ತೇ? ಪಕ್ಕದ ಹೋಟೆಲಿನ ಮಹೇಶ್ವರಪ್ಪನ ಕೈಗೆ ಕೊಟ್ಟ. ಸಂಜೆಯೊಳಗೆ ಊರಿಗೆಲ್ಲ ಬಾಯಿಪಾಠ.

ಯರ್ರಿಸ್ವಾಮಿ ಅಂತಿಂಥ ದರ್ಜಿಯಲ್ಲ ಕಣ್ರೀ. ಹತ್ತು ವರ್ಷದಿಂದ ಯಾರೂ ಕಂಡಿರದ ಬಟ್ಟೆ ಹೊಲಿಯುತ್ತಿದ್ದ. ಬಸ್ ಕಂಡಕ್ಟರ್ ಓಬಣ್ಣನ ಅಂಗಿಗೆ ಬೆನ್ನ ಮೇಲೆ ಜೇಬಿಟ್ಟವನು ಅವನೇ. ಅದಕ್ಕೆ ಒಬ್ಬ ಜೇಬುಗಳ್ಳನೂ ಕೈ ಹಾಕಿರಲಿಲ್ಲ. ಓಬಣ್ಣನ ಕೈಗೂ ಎಟುಕುತ್ತಿರಲಿಲ್ಲ, ಅದು ಬೇರೆ ಮಾತು. ಚಿಲ್ಲರೆಯನ್ನು ಪ್ರಯಾಣಿಕರೇ ತೆಗೆದುಕೊಳ್ಳುತ್ತಿದ್ದರು. ನಲ್ಲೂರಿನಲ್ಲಿದ್ದ ಅಕ್ಕ ಬೊಮ್ಮಕ್ಕನಿಗೆ ಬಿಳಿ ಸೀರೆಯೊಂದನ್ನು ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ, ಕರಿಕಂಬಳಿಯ ಅಂಚು ಕೂಡಿಸಿ ಕೊಟ್ಟಿದ್ದ. ನಾನೂ ನೋಡಿದ್ದೇನೆ. ಎಂಥಾ ಕೆಂಪು ಅಂತೀರಿ! ಅಂಥದ್ದು ಮತ್ತೆಲ್ಲೂ ಕಂಡಿಲ್ಲ. ಜನ ನಗುತ್ತಿದ್ದರು, ಹೊಲಿಸಿಕೊಳ್ಳುತ್ತಲೂ ಇದ್ದರು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಲ್ಲೂರಿಗೆ ಓಡಿದ.

"ಆ ಸೀರೆ ಕೊಡಕ್ಕ, ಮೇಡಂಗೆ ತೋರ್ಸಾಕೆ."

"ಅಯ್ಯೋ ತಮ್ಮಾ, ಅದನ್ನ ನೋಡಿದ್ರೆ ನಿನ್ನ ಮಾನ ಉಳಿತೈತಾ? ನಿನ್ನೆ ಓಬಣ್ಣ ಸುದ್ದಿ ಹೇಳಿದ ಕೂಡ್ಲೆ ಹರಿದು ಕರುವಿಗೆ ಹಗ್ಗ ಹೊಸೆದ್ಬಿಟ್ಟೆ!"

ವಾಪಸು ಬಂದರೆ ಅಂಗಡಿಯ ತುಂಬ ಬಿಳಿ ಅಂಗಿಗಳು! ಹೆಂಡತಿ ಗಾದ್ರಮ್ಮ ಮನೆಮನೆಯಿಂದ ಹನ್ನೆರಡು ತಂದು ತೂಗುಹಾಕಿದ್ದಳು.

"ನಾ ಹೊಲ್ದಿದ್ದು ಎಲ್ಲೇ?"

"ಆ ಹುಚ್ಚು ಬಟ್ಟೆನಾ? ಗಂಟು ಕಟ್ಟಿ ಹೊನ್ನಾಳಿ ಬಸ್ಸಿಗೆ ಹಾಕಿ ತವರಿಗೆ ಕಳ್ಸೀನಿ. ದೊಡ್ಡೋರು ಬರೋ ದಿನ ಅವನ್ನ ಇಟ್ಕಂತಾರೇನ್ರೀ?"

ಓಬಣ್ಣ ಮಹೇಶ್ವರಪ್ಪನ ಅಂಗಿ ತೊಟ್ಟು ನಿಂತಿದ್ದ. "ಅಣ್ಣಾ, ನನ್ನ ಅಂಗಿನ ನೀರೊಲೆಗೆ ಹಾಕ್ಬಿಟ್ಟೆ. ನಿನಗೋಸ್ಕರ!" ಅವನ ಕಣ್ಣಲ್ಲಿ ನೀರಿತ್ತು. ಇಷ್ಟು ಪ್ರೀತಿ ಇಟ್ಟವರನ್ನು ಬೈಯುವುದಾದರೂ ಹೇಗೆ?

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಮೇಡಂ ಹನ್ನೆರಡು ಅಂಗಿಗಳನ್ನೂ ನೋಡಿ ಹುಬ್ಬು ಗಂಟಿಕ್ಕಿದರು. "ಬೆನ್ನ ಮೇಲೆ ಜೇಬಿಟ್ಟು ಹೊಲಿದವರು ನೀವೇನಾ?"

"ನಾನೇ ಮೇಡಂ!"

"ಸುಳ್ಳು ಮೇಡಂ!" ಮಹೇಶ್ವರಪ್ಪ ಅಡ್ಡ ಬಂದ. "ಇವ್ನು ಅಂಥವನಲ್ರೀ. ಮರ್ಯಾದಸ್ತ!"

"ಅಂಥ ಅಂಗಿ ಈ ಕಡೆ ಯಾರೂ ಹಾಕಂಡಿಲ್ರೀ," ಎಂದು ಓಬಣ್ಣ ದೇವರ ಆಣೆ ಇಟ್ಟ.

"ಅಯ್ಯೋ ನಾನೇ! ಬೇಕಾದ್ರೆ ಈಗ್ಲೇ ಹೊಲ್ದು ತೋರಿಸ್ತೀನಿ!" ಯರ್ರಿಸ್ವಾಮಿ ಕತ್ತರಿಗೆ ಕೈ ಹಾಕಿದ. ನಾಲ್ಕು ಜನ ಹಿಡಿದುಕೊಂಡರು.

"ಬಿಸ್ಲಿಗೆ ಹಿಂಗಾಡ್ತಾರೆ ಮೇಡಂ," ಎಂದಳು ಗಾದ್ರಮ್ಮ.

"ಹಾಗಾದರೆ ನಾನು ಹುಡುಕುತ್ತಿರುವವರು ಇವರಲ್ಲ," ಎಂದರು ಮೇಡಂ. ಸದ್ಯ, ಬಚಾವಾದ ಎಂದು ಎಲ್ಲರೂ ಉಸಿರು ಬಿಟ್ಟರು. ಮಹೇಶ್ವರಪ್ಪ ಕಾಫಿ ತರಿಸಿ, "ಬಡವ ಅದಾನೆ, ನಾಕು ಒಳ್ಳೆ ಮಾತು ಬರ್ಕೊಡ್ರಿ," ಎಂದು ದುಂಬಾಲು ಬಿದ್ದ. ಮೇಡಂ ಕನಿಕರಪಟ್ಟು ಒಂದು ಸಾಲು ಬರೆದುಕೊಟ್ಟು ಜೀಪು ಹತ್ತಿದರು. ಬೀಳ್ಕೊಡಲು ಹೋದ ಯರ್ರಿಸ್ವಾಮಿಗೆ ಮೆಲ್ಲಗೆ ಹೇಳಿದರು: "ಆ ಅಂಗಿಯನ್ನು ಬಸ್ಸಿನಲ್ಲಿ ಒಮ್ಮೆ ನೋಡಿದ್ದೆ, ಹೊಲಿದವರು ನೀವೆಂದು ಯಾರೋ ಹೇಳಿದ್ದರು. ಎಂಥ ತಲೆ ಅದು! ಸಿಕ್ಕಿದ್ದರೆ ಇವತ್ತೇ ದೆಹಲಿಗೆ ಹೆಸರು ಬರೆಯುತ್ತಿದ್ದೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಜೀಪು ಹೊರಟುಹೋಯಿತು.

ಆ ಒಂದು ಸಾಲಿಗೆ ಊರವರು ಕಟ್ಟು ಹಾಕಿಸಿದರು, ಹಾರ ಹಾಕಿದರು, ಹೊಲಿಗೆ ಮಿಷನ್ನಿನ ನೆತ್ತಿಗೆ ತೂಗುಹಾಕಿದರು. ಬಂದವರಿಗೆಲ್ಲ ಗಾದ್ರಮ್ಮ ಹೆಮ್ಮೆಯಿಂದ ಓದಿ ಹೇಳುತ್ತಾಳೆ: "ಇವರು ಎಲ್ಲರ ಹಾಗೆಯೇ ಹೊಲಿಯುತ್ತಾರೆ."